ನಂಬರು ಒಂದರದ್ದು, ಒಡಲು ಇನ್ನೊಂದರದ್ದು

ವರ್ನ್ ಡುಡೆಕ್ ಅಮೆರಿಕದ ಫ್ಲಿಂಟ್ ಊರಿನ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ಕಾರಿನ ಒಡಲು ಬೆಸೆದವನು. ಎಪ್ಪತ್ತನೇ ಇಸವಿಯ ಮುಷ್ಕರದಲ್ಲಿ ಗೇಟಿನ ಮುಂದೆ ನನ್ನ ಪಕ್ಕದಲ್ಲೇ ನಿಂತು ಚಳಿಗೆ ನಡುಗಿದವನು. ಅವನಿಗೆ ಸುಳ್ಳೇ ಬರುತ್ತಿರಲಿಲ್ಲ ಎಂದು ನಾನು ಬರೆಯುವುದಿಲ್ಲ. ಹೆಂಡತಿ ಲೊರೆಟಾಗೆ ದಿನಕ್ಕೆರಡು ಹೇಳುತ್ತಿದ್ದ. ಕಾರ್ಖಾನೆ ಮುಚ್ಚಿದ ಮೇಲೆ ಮನೆ ಹಿಂದಿನ ಶೆಡ್ಡಿನಲ್ಲಿ ಹಳೆಯ ಕಾರುಗಳನ್ನು ರಿಪೇರಿ ಮಾಡಿ ಮಾರುತ್ತಿದ್ದ.

ಅವನ ಮೂರು ವರ್ಷದ ದುಡಿಮೆಯೆಲ್ಲ ಒಂದು ಹಸಿರು ಕಾರಿನಲ್ಲಿತ್ತು. ಅರವತ್ತೊಂಬತ್ತನೇ ಇಸವಿಯದು, ದೈತ್ಯ ಇಂಜಿನ್ನಿನದು. ನಿಜವಾಗಿ ಅದು ಎರಡು ಕಾರು. ಜೌಗಿನಲ್ಲಿ ಕೊಳೆತು ಸಿಕ್ಕ ಅಪರೂಪದ ಕಾರಿನಿಂದ ಇಂಜಿನ್ನನ್ನೂ ಕಾರಿನ ಗುರುತಿಗೆಂದು ಕಾರ್ಖಾನೆಯಲ್ಲೇ ಡ್ಯಾಶ್‌ಬೋರ್ಡಿಗೆ ಬಡಿದ ಬೆರಳಗಲದ ನಂಬರು ತಗಡನ್ನೂ ಕಿತ್ತು, ಅರಿಜೋನಾದಿಂದ ತರಿಸಿದ ತುಕ್ಕಿಲ್ಲದ ಸಾಧಾರಣ ಒಡಲಿಗೆ ಕೂರಿಸಿದ್ದ.

"ಒಡಲು ಬದಲಾಯಿಸಿದ್ದು ಅಂತ ಜಾಹೀರಾತಲ್ಲಿ ಹಾಕೋ," ಅಂದೆ.

"ಹಾಕಿದ್ರೆ ಯಾವನೂ ಮೂಸಿ ನೋಡಲ್ಲ. ಲೊರೆಟಾ ಸೊಂಟದ ಆಪರೇಷನ್ ನೀನ್ ಮಾಡಿಸ್ತೀಯಾ?"

ಜಾಹೀರಾತಿನಲ್ಲಿ ಆ ನಂಬರು ಕಂಡು ಹುಡುಕಿಕೊಂಡು ಬಂದವಳು ಆರ್ಲೀನ್ ಸ್ಕ್ಯಾಗ್ಸ್, ಎಪ್ಪತ್ತು ವರ್ಷದ ಹೆಂಗಸು. ಅದು ಅವಳ ಅಣ್ಣ ಡ್ವೈಟ್‌ನ ಕಾರಿನ ನಂಬರು. ಅವನು ವಿಯೆಟ್ನಾಮಿಗೆ ಹೋದವನು ಹಿಂತಿರುಗಲಿಲ್ಲ. ನವೆಂಬರಿನ ಮಧ್ಯಾಹ್ನ, ಮಂಜು ಶೆಡ್ಡಿನ ಹೊಸ್ತಿಲವರೆಗೆ ಬಂದು ನಿಂತಿತ್ತು. ಆಕೆ ಕೇಳದೆಯೇ ಕಾರಿನೊಳಗೆ ಡ್ರೈವರ್ ಪಕ್ಕದ ಸೀಟಿನಲ್ಲಿ ಕೂತಳು.

"ಇದು ನನ್ ಜಾಗ. ಡ್ಯಾಶ್ ಕೆಳಗೆ ಸಿಗರೇಟಲ್ಲಿ ಸುಟ್ಟಿದ್ದೆ, ಹದಿನಾಲ್ಕು ವರ್ಷ ನಂಗಾಗ. ಡ್ವೈಟ್ ಕಪಾಳಕ್ಕೆ ಬಿಟ್ಟಿದ್ದ." ಕೈ ಹಾಕಿ ತಡಕಿದಳು. "ನೋಡು, ಇಲ್ಲೇ ಇದೆ!"

ಬಗ್ಗಿ ನೋಡಿದೆ. ಇತ್ತು. ಅವರೆಕಾಳಿನಷ್ಟು ಕಪ್ಪು ಕುಳಿ. ವರ್ನ್ ಬಿಳಿಚಿಕೊಂಡ. ಡ್ಯಾಶಿಗೆ ಆ ಹೊಸ ಹೊದಿಕೆ ಹಾಕಿ ಎರಡು ವಾರವಾಗಿತ್ತಷ್ಟೆ. ಬೆಳಿಗ್ಗೆ ಒರೆಸುವಾಗ ನುಣ್ಣಗಿತ್ತು. ನಾನು ಬೆರಳಿಟ್ಟೆ. ಬೆಚ್ಚಗಿತ್ತು.

"ತಗೋತೀನಿ," ಅಂದಳು.

ವರ್ನ್ ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಕಾರೇ ಅವನ ಪರ ಸುಳ್ಳು ಸಾಕ್ಷಿ ಹೇಳುತ್ತಿತ್ತು. ಆದರೆ ಅವನು ಹಿಂದಿನ ಸೀಟು ಎತ್ತಿದ. ಪ್ರತಿ ಕಾರಿನ ನಂಬರು, ವಿವರ ಇರುವ ಚೀಟಿಯನ್ನು ಕಾರ್ಖಾನೆಯ ಜೋಡಣೆ ಲೈನಿನಲ್ಲಿ ನಾವು ಸೀಟಿನ ಸ್ಪ್ರಿಂಗಿಗೆ ತುರುಕುತ್ತಿದ್ದೆವು. ಮೋಸ ಮಾಡುವವನು ಮೊದಲು ಅದನ್ನೇ ಸುಡುತ್ತಾನೆ. ವರ್ನ್ ಸುಟ್ಟಿರಲಿಲ್ಲ. ಲೈನಿನಲ್ಲಿ ದುಡಿದ ಕೈಗೆ ಅದು ಆಗಿರಲಿಲ್ಲ.

"ಓದಮ್ಮಾ, ನಂಬರ್ ಬೇರೆ. ಇಂಜಿನ್ನು, ಆ ತಗಡು, ಅಷ್ಟೇ ನಿಮ್ಮಣ್ಣಂದು. ಉಳಿದಿದ್ದು ಅರಿಜೋನಾದ ಯಾರದ್ದೋ."

"ಮತ್ತೆ ಈ ಸುಟ್ಟ ಗುರುತು?"

"ದೇವರಾಣೆ ನಾನ್ ಮಾಡಿದ್ದಲ್ಲ."

ಆಕೆ ಚೀಟಿಯನ್ನು ಮೂರು ಸಲ ಓದಿದಳು. "ಕಳ್ಳ ನನ್ಮಗನೇ," ಅಂದಳು, ಸಿಟ್ಟಿಲ್ಲದೆ. "ಅವನ ಒಡಲೆಲ್ಲಿ?"

ಶೆಡ್ಡಿನ ಹಿಂದೆ ಮಂಜಿನಲ್ಲಿ ಅದು ಬಿದ್ದಿತ್ತು: ನೆಲ ತೂತು, ಬಾಗಿಲುಗಳಿಲ್ಲ, ಸೀಟಿನ ಜಾಗದಲ್ಲಿ ಪೊದೆ.

"ಆ ತಗಡು ಕಿತ್ತು ಇದಕ್ಕೇ ಹೊಡಿ. ನಂಗೆ ಇದೇ ಸಾಕು."

"ಹಂಗಾದ್ರೆ ಆ ಕಾರು ನಂಬರಿಲ್ದೆ ಗುಜರಿ ಆಗುತ್ತೆ, ತಾಯಿ."

"ಆಗ್ಲಿ."

ವರ್ನ್ ನನ್ನ ಮುಖ ನೋಡಿದ, ಲೊರೆಟಾಳ ಕಿಟಕಿ ನೋಡಿದ. ಹೋಗಿ ತಗಡು ಕಿತ್ತು ತಂದ. ಎರಡನೆಯ ರಿವೆಟ್ ಮೊಳೆ ಬಿಗಿದ ಕ್ಷಣ, ಆ ಕೊಳೆತ ಒಡಲಿನ ಎಡಬದಿಯ ಡ್ರೈವರ್ ಜಾಗದಿಂದ ಯಾರೋ ಒಳಗೆ ಕೂತು ಬಾಗಿಲು ಎಳೆದುಕೊಂಡ ಸದ್ದು ಬಂತು.

ನಾವಿಬ್ಬರೂ ಹಿಂದೆ ಸರಿದೆವು. ಆರ್ಲೀನ್ ಸರಿಯಲಿಲ್ಲ. ಪೊದೆ ಬಗ್ಗಿಸಿ ಬಲಬದಿಗೆ ಹೋಗಿ ತನ್ನ ಜಾಗದಲ್ಲಿ ಕೂತಳು.