ಅವರ ಬದಲು ನಾನು ನೋಡಿದ ರುಚಿ

ನನ್ನ ಗಂಡ ಬಿಯರ್ ಕಾರ್ಖಾನೆಯಲ್ಲಿದ್ದಾರೆಂಬುದನ್ನು ಮದುವೆಯ ಮಾತುಕತೆಯಲ್ಲಿ ನಮ್ಮ ಕಡೆಯವರು ‘ಆಹಾರ ಪದಾರ್ಥದ ಕಂಪನಿ’ ಎಂದು ಹೇಳಿಕೊಂಡು ಬಂದಿದ್ದರು. ಅಲ್ಲಿ ಅವರದು ಬಾರ್ಲಿ ಬೇಯಿಸುವುದರಿಂದ ಹಿಡಿದು ಹುದುಗು ಬರಿಸುವವರೆಗಿನ ಉಸ್ತುವಾರಿ. ಕುಡುಕರಲ್ಲ. ಒಂದು ಗುಟುಕು ಬಾಯಿಗೆ ಹಾಕಿ, ಕಣ್ಣು ಮುಚ್ಚಿ ಯೋಚಿಸಿ, ಉಗಿದುಬಿಡುವುದು ಅವರ ಕೆಲಸ. ನನ್ನ ಸಾರಿಗೆ ಇಂಗು ಚೂರು ಹೆಚ್ಚಾದರೂ ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ಅವರಿಗೆ ತಿಳಿಯುತ್ತಿತ್ತು.

ಮದುವೆಗೆ ಮುಂಚೆ ಅವರು ತರಬೇತಿಗೆಂದು ಸ್ಕಾಟ್‌ಲೆಂಡಿಗೆ ಹೋಗಿದ್ದರು. ಅಲ್ಲಿ ರುಚಿ ನೋಡಿದ ಒಂದು ಕಪ್ಪು ಬಿಯರು, ಏಲ್ ಅಂತ ಅದಕ್ಕೆ ಹೆಸರು, ಅವರ ತಲೆಯಿಂದ ಇಳಿಯಲೇ ಇಲ್ಲ. ಭಾರಿ ಗಡಸು, ತಿಂಗಳುಗಟ್ಟಲೆ ಮಾಗಬೇಕಾದದ್ದು. ಇಲ್ಲಿನ ಕಾರ್ಖಾನೆಯಲ್ಲಿ ತೆಳು ಹಳದಿ ಬಿಯರು ಬಿಟ್ಟು ಬೇರೆ ಮಾಡಲು ಯಾರೂ ಬಿಡಲಿಲ್ಲ. ಎರಡು ಸಾವಿರದ ಇಸವಿ ಕಳೆದ ಮೇಲೆ ಕಾರ್ಖಾನೆಯೇ ಮುಚ್ಚಿತು. ಅವರು ಚಾಮರಾಜಪೇಟೆಯ ನಮ್ಮ ಬಾಡಿಗೆ ಮನೆಯಲ್ಲಿ ಒಂದೇ ಪೇಪರನ್ನು ಸಂಜೆಯವರೆಗೂ ಓದುತ್ತಾ ಕೂತರು.

ಒಂದು ಡಿಸೆಂಬರಿನಲ್ಲಿ ಎದ್ದವರೇ, “ಈ ಚಳೀಲಿ ಅದನ್ನ ಮನೇಲೇ ಮಾಡ್ತೀನಿ,” ಅಂದರು.

“ಪೊಲೀಸ್ ಬಂದ್ರೆ?”

“ಮಾರಕ್ಕಲ್ಲ ಕಣೇ. ಒಂದೇ ಒಂದ್ಸಲ.”

ಬಾರ್ಲಿ ನೆನೆಸಿ, ರಾಗಿ ಮೊಳಕೆ ಕಟ್ಟಿದ ಹಾಗೆ ಮೊಳಕೆ ಬರಿಸಿ, ತಾರಸಿಯಲ್ಲಿ ಒಣಗಿಸಿದೆವು. ಒಂದಷ್ಟನ್ನು ನಾನು ಬಾಣಲೆಯಲ್ಲಿ ಕಪ್ಪಗೆ ಹುರಿದುಕೊಟ್ಟೆ. ಮದುವೆಮನೆಗಳಿಗೆ ಪಾತ್ರೆ ಬಾಡಿಗೆ ಕೊಡುವ ಅಂಗಡಿಯಿಂದ ದೊಡ್ಡ ಕೊಳಗ ತಂದರು. ಬಾರ್ಲಿಯನ್ನು ಬಿಸಿನೀರಲ್ಲಿ ನೆನೆಸಿ ಬಸಿದ ಮೊದಲ ರಸವನ್ನು ಬೇರೆಯಾಗಿ ಕುದಿಸಿ ಕುದಿಸಿ ಗಟ್ಟಿ ಮಾಡಬೇಕಂತೆ. ಆ ಏಲಿನ ಗುಟ್ಟೇ ಅದು.

“ಇದು ಪಾಕ ಅಲ್ವಾ? ಬಿಡಿ, ನಾನ್ ನೋಡ್ಕೋತೀನಿ,” ಎಂದು ನಾನು ಸೌಟು ಕಿತ್ತುಕೊಂಡೆ. ಕಜ್ಜಾಯಕ್ಕೆ ನೋಡುವಂತೆ ಎರಡು ಬೆರಳ ನಡುವೆ ಎಳೆದು ತೋರಿಸಿದಾಗ ಅವರು ಮಗುವಿನ ಹಾಗೆ ನಕ್ಕರು. ಕಾರ್ಖಾನೆ ಮುಚ್ಚಿದ ಮೇಲೆ ಆ ನಗು ನಾನು ಕಂಡಿರಲಿಲ್ಲ.

ಹಳೆಯ ಸಹೋದ್ಯೋಗಿಯೊಬ್ಬರು ಕೊಟ್ಟ ಈಸ್ಟ್ ಬೆರೆಸಿ, ಎಲ್ಲವನ್ನೂ ಕುಡಿಯುವ ನೀರಿನ ದೊಡ್ಡ ಕ್ಯಾನಿಗೆ ತುಂಬಿ ಮೆಟ್ಟಿಲ ಕೆಳಗಿನ ಕತ್ತಲಲ್ಲಿಟ್ಟರು. ಕ್ಯಾನಿನ ಬಾಯಿಂದ ಒಂದು ಕೊಳವೆ, ಅದರ ತುದಿ ನೀರು ತುಂಬಿದ ಸೀಸೆಯೊಳಗೆ. ಒಳಗಿನ ಗಾಳಿ ಗುಳುಗುಳು ಎಂದು ಹೊರಬರಬೇಕು, ಹೊರಗಿನದು ಒಳಹೋಗಬಾರದು. ನೀರು ಆರಿದರೆ ಕೆಟ್ಟಿತು ಅಂದರು. ತಂಪಾಗಿರಲೆಂದು ಸುತ್ತ ಒದ್ದೆ ಗೋಣಿಚೀಲ ಸುತ್ತಿದರು.

ಸಂಕ್ರಾಂತಿಯ ಹೊತ್ತಿಗೆ ಅವರ ದನಿ ಒಡೆಯಿತು. ಶೀತ ಅಂದುಕೊಂಡೆವು. ಶಿವರಾತ್ರಿ ಕಳೆದರೂ ಹೋಗಲಿಲ್ಲ. ಪರೀಕ್ಷೆ ಮಾಡಿದ ಡಾಕ್ಟರು ನನ್ನೊಬ್ಬಳನ್ನೇ ಒಳಗೆ ಕರೆದು ಕೂರಿಸಿದಾಗಲೇ ನನಗೆ ಅರ್ಥವಾಯಿತು. ಗಂಟಲು.

ಬೇಸಿಗೆಯೆಲ್ಲ ಆಸ್ಪತ್ರೆಯಲ್ಲಿ ಕಳೆಯಿತು. ಬಾಯಿಗೂ ಗಂಟಲಿಗೂ ರೇಡಿಯೇಷನ್ ಕೊಟ್ಟರು. ಚರ್ಮ ಕಪ್ಪಾಯಿತು, ಜೊಲ್ಲು ಬತ್ತಿತು. ಒಂದು ಮಧ್ಯಾಹ್ನ ನರ್ಸು ಮೂಗಿನ ನಳಿಕೆ ತೆಗೆದ ಮೇಲೆ ಗಂಜಿ ಕೊಟ್ಟೆ. ಎರಡು ಚಮಚ ನುಂಗಿ, “ಉಪ್ಪು ಹಾಕಿದ್ಯಾ?” ಎಂದು ಪಿಸುಗುಟ್ಟಿದರು.

“ಹಾಕಿದೀನಿ.”

ಗೋಡೆಯ ಕಡೆ ತಿರುಗಿ ಮಲಗಿದರು. ರುಚಿ ವಾಪಸ್ ಬರಬಹುದು, ಬರದೆಯೂ ಇರಬಹುದು ಎಂದರು ಡಾಕ್ಟರು.

ಮನೆಗೆ ಕರೆತಂದ ದಿನ ಆಟೋ ಇಳಿದವರೇ ನನ್ನ ಕೈ ಬಿಡಿಸಿಕೊಂಡು ಮೆಟ್ಟಿಲ ಕೆಳಗೆ ಬಗ್ಗಿ ನೋಡಿದರು. ಗೋಣಿಚೀಲ ಒಣಗಿ ಬಿರುಸಾಗಿತ್ತು. ಸೀಸೆಯಲ್ಲಿ ಹನಿ ನೀರಿರಲಿಲ್ಲ. ಮತ್ತೆ ನೀರು ತುಂಬಿಸಿದರು. ಕೆಟ್ಟಿತೇ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಇನ್ನೂ ಮಾಗಲಿ, ಮಾಗಲಿ ಎನ್ನುತ್ತಾ ಆಷಾಢ ಕಳೆದರೂ ಅದನ್ನು ಮುಟ್ಟಲಿಲ್ಲ. ತಮ್ಮ ನಾಲಿಗೆಗಾಗಿ ಕಾಯುತ್ತಿದ್ದರೋ ಏನೋ. ಅದು ಬರಲಿಲ್ಲ.

ಗೌರಿ ಹಬ್ಬದ ಮುಂಚಿನ ಒಂದು ಮಧ್ಯಾಹ್ನ ಸ್ಟೀಲ್ ಲೋಟದಲ್ಲಿ ಒಂದಿಷ್ಟು ಬಗ್ಗಿಸಿ ತಂದು ನನ್ನ ಮುಂದಿಟ್ಟರು. “ನೀನ್ ಕುಡಿ. ಹೇಗಿದೆ ಹೇಳು.”

“ನಂಗೇನ್ ಗೊತ್ತಾಗತ್ತೆ ರೀ?”

“ಅಡುಗೆ ಗೊತ್ತಲ್ಲ. ಅದ್ರಲ್ಲೇ ಹೇಳು.”

ಜನ್ಮದಲ್ಲಿ ಮೊದಲ ಸಲ ಅಂಥದ್ದನ್ನು ಬಾಯಿಗಿಟ್ಟೆ. “ಕಾದ ಬೆಲ್ಲ. ಕಜ್ಜಾಯದ ಸೀದ ಅಂಚು ಇರತ್ತಲ್ಲ, ಹಾಗೆ,” ಅಂದೆ. ಅವರು ಮುಂದಕ್ಕೆ ಬಾಗಿದರು. “ಒಣದ್ರಾಕ್ಷಿ. ಎದೆ ಬೆಚ್ಚಗಾಗ್ತಿದೆ.”

“ಹ್ಞೂಂ. ಆಮೇಲೆ?” ಕಣ್ಣು ಮುಚ್ಚಿ, ತಮ್ಮ ಬಾಯಲ್ಲೇ ಇದೆಯೇನೋ ಎಂಬಂತೆ ತುಟಿ ಆಡಿಸುತ್ತಿದ್ದರು.

ಅವರ ಮುಖ ಕಂಡು ನನಗೆ ಹುರುಪು ಬಂತು. “ಕೊನೇಲಿ ಒಳ್ಳೆ ಹುಳಿ. ಗೊಜ್ಜಲ್ಲಿ ಬೆಲ್ಲ, ಹುಣಸೆಹಣ್ಣು ಹದವಾಗಿ ಕೂತಿರತ್ತಲ್ಲ, ಹಾಗಿದೆ. ತುಂಬಾ ಚೆನ್ನಾಗಿದೆ ರೀ.”

ತುಟಿ ನಿಂತಿತು. “ಮೂಗಿಗೆ ಚುಚ್ಚತ್ತಾ?”

“ಸ್ವಲ್ಪ.”

ಕಣ್ಣು ತೆರೆದರು. “ವಿನಿಗರ್ ಆಗೋಗಿದೆ. ಚೆಲ್ಬಿಡು.”

ನನ್ನ ಹೊಗಳಿಕೆಯೇ ಅದಕ್ಕೆ ಮರಣದಂಡನೆಯಾಯಿತೆಂದು ಆಗ ತಿಳಿಯಿತು. ಬಚ್ಚಲಿಗೆ ಸುರಿದಾಗ ಕಪ್ಪು ನೊರೆ ಹಂಡೆಯ ಬುಡದವರೆಗೂ ಬಂದು ನಿಧಾನವಾಗಿ ಇಳಿಯಿತು. ಅವರು ನೋಡಲು ಬರಲಿಲ್ಲ. ಅಂದಿನಿಂದ ಯಾವ ಪದಾರ್ಥದ ರುಚಿಯನ್ನೂ ನನ್ನಲ್ಲಿ ಕೇಳಲಿಲ್ಲ. ಕೊಟ್ಟದ್ದನ್ನು ನುಂಗಿದರು, ಆಮೇಲೆ ಅದೂ ಆಗಲಿಲ್ಲ. ದೀಪಾವಳಿಗೆ ಮುಂಚೆ ಹೋಗಿಬಿಟ್ಟರು.

ಹದಿಮೂರನೆಯ ದಿನ ಊಟಕ್ಕೆ ಕೂತ ನೆಂಟರೊಬ್ಬರು ಪಕ್ಕದವರಿಗೆ ಹೇಳಿದ್ದು ಬಡಿಸುತ್ತಿದ್ದ ನನಗೂ ಕೇಳಿಸಿತು: “ಜೀವಮಾನವೆಲ್ಲ ಕುಡ್ದಿದ್ದಲ್ವೇ? ಗಂಟ್ಲು ಇನ್ನೇನಾಗತ್ತೆ.”

ನಾನು ಅವರ ಎಲೆಗೆ ಗೊಜ್ಜು ಬಡಿಸಿ ಮುಂದೆ ಹೋದೆ.