ಡ್ರಮ್ಮಿನೊಳಗಿಂದ ಬಂದ ಕೂಗು

ದೆವ್ವ, ಪಿಶಾಚಿ ಎಂದರೆ ನಗುತ್ತಿದ್ದವನು ನಾನು. ಕಿಗ್ಗದ ನಮ್ಮ ಮನೆಯಲ್ಲಿ ಯಾರಾದರೂ ಅಂಥ ಮಾತು ತೆಗೆದರೆ ಎದ್ದು ಹೋಗುತ್ತಿದ್ದೆ. ಈಗ ಹೇಳಹೊರಟಿರುವುದನ್ನು ನೀವು ನಂಬಲೇಬೇಕೆಂದೇನೂ ಇಲ್ಲ.

ಎರಡು ಸಾವಿರದ ಇಸವಿ ಕಳೆದ ಹೊಸತು. ಕೊಪ್ಪದ ಬಳಿ ಒಂದು ಕಂಪನಿಯ ಕಾಫಿ ಒಣಗಿಸುವ ಶೆಡ್ಡಿನಲ್ಲಿ ಗುಮಾಸ್ತನಾಗಿದ್ದೆ. ಅಲ್ಲಿ ಆಳೆತ್ತರದ ಕಬ್ಬಿಣದ ಡ್ರಮ್ಮೊಂದು ತಿರುಗುತ್ತಿತ್ತು. ಕಸ ಗುಡಿಸಲೆಂದು ಅದರೊಳಗೆ ಇಳಿಯುವವರು ಸ್ವಿಚ್ಚಿಗೆ ಬೀಗ ಹಾಕಿ ಕೀಲಿಕೈಯನ್ನು ತಮ್ಮ ಬಳಿಯೇ ಇಟ್ಟುಕೊಳ್ಳಬೇಕೆಂದು ಕಂಪನಿಯೇ ಗೋಡೆಯ ಮೇಲೆ ಬರೆಸಿತ್ತು. ಬೀಗಗಳು ಮಾತ್ರ ಮ್ಯಾನೇಜರರ ಬೀರುವಿನಲ್ಲಿ ಕವರು ಸಹ ಬಿಚ್ಚದೆ ಕುಳಿತಿದ್ದವು. ಕೇಳಿದರೆ, “ಬೀಗ ಹಾಕ್ತಾ ತೆಗೀತಾ ಕೂತ್ರೆ ಕಾಫಿ ಒಣಗ್ಸೋದು ಯಾವಾಗ ಮಾರಾಯ?” ಎನ್ನುತ್ತಿದ್ದರು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ.

ಹಾಗಾಗಿ ಕೆಲಸದವರು ಕಾಡಿನ ಪದ್ಧತಿಯನ್ನೇ ಶೆಡ್ಡಿಗೆ ತಂದಿದ್ದರು. ಸೊಪ್ಪಿಗೆ ಹೋದವರು ಗುಡ್ಡದಿಂದ ಗುಡ್ಡಕ್ಕೆ ಕೂ ಹಾಕುವಂತೆ ಡ್ರಮ್ಮಿಗೆ ಇಳಿದವನೂ ಕೂ ಹಾಕುತ್ತಿದ್ದ. ಅದು ಕೇಳಿದರೆ ಸ್ವಿಚ್ಚಿನ ಬಳಿ ಇದ್ದವನು ಅವನು ಹೊರಬರುವವರೆಗೆ ಕಾಯುತ್ತಿದ್ದ. ಬೇಗಾರಿನ ಸುಬ್ಬಣ್ಣನ ಕೂ ಕೊನೆಯಲ್ಲಿ ಸ್ವಲ್ಪ ಒಡೆಯುತ್ತಿತ್ತು. ಅದನ್ನು ಅಣಕಿಸಿ ನಾವೆಲ್ಲ ನಗುತ್ತಿದ್ದೆವು.

ಒಂದು ದಿನ ಪಕ್ಕದ ಯಂತ್ರದ ಗದ್ದಲದಲ್ಲಿ ಆ ಕೂಗು ಯಾರಿಗೂ ಕೇಳಲಿಲ್ಲ. ಡ್ರಮ್ಮು ತಿರುಗಿತು, ಸುಬ್ಬಣ್ಣ ಹೋದ. ಕಂಪನಿಯವರು ಗೋಡೆಯ ಬರಹ ತೋರಿಸಿ ತಪ್ಪು ಅವನದೇ ಎಂದರು. ಆ ಸಂಕಟ ನನಗೆ ಇನ್ನೂ ಆರಿಲ್ಲ. ದೊಡ್ಡ ಉಪಕಾರವೆಂಬಂತೆ ಅವನ ಹೆಂಡತಿ ಗಿರಿಜೆಗೆ ಅದೇ ಗುಡಿಸುವ ಕೆಲಸ ಕೊಟ್ಟರು. ಬೀಗ ಆಗಲೂ ಬೀರುವಿನಿಂದ ಇಳಿಯಲಿಲ್ಲ.

ಮರುವರ್ಷದ ಒಂದು ಮಧ್ಯಾಹ್ನ. ಎಲ್ಲರೂ ಊಟಕ್ಕೆ ಹೋಗಿದ್ದಾರೆ, ಡ್ರಮ್ಮು ಶುರು ಮಾಡು ಎಂದು ಮ್ಯಾನೇಜರರು ನನ್ನನ್ನು ಕಳಿಸಿದರು. ಶೆಡ್ಡು ಮೌನವಾಗಿತ್ತು. ಸ್ವಿಚ್ಚಿನ ಮೇಲೆ ಕೈಯಿಟ್ಟೆ. ಆಗ ಡ್ರಮ್ಮಿನೊಳಗಿಂದ ಕೂ ಕೇಳಿತು. ಗಂಡಸಿನ ದನಿ. ಕೊನೆಯಲ್ಲಿ ಸ್ವಲ್ಪ ಒಡೆಯಿತು.

ಕೈ ಹಿಂದೆಗೆದು ಓಡಿ ಹೋಗಿ ಬಗ್ಗಿ ನೋಡಿದೆ. ಒಳಗೆ ಗಿರಿಜೆ ಒಬ್ಬಳೇ ಕುಕ್ಕರಗಾಲಲ್ಲಿ ಕೂತು ಗುಡಿಸುತ್ತಿದ್ದಳು.

“ಕೂ ಹಾಕಿದ್ದು ಯಾರು?” ಎಂದೆ.

“ಯಾರೂ ಇಲ್ವಲ್ಲ ಅಣ್ಣ. ನಾನೆಂತ ಕೂಗ್ಲಿಲ್ಲ.”

ನನ್ನ ಮುಖ ನೋಡಿಯೇ ಅದು ಯಾರ ಕೂಗೆಂದು ಅವಳಿಗೆ ಅರ್ಥವಾಯಿತು. ಪೊರಕೆ ಕೆಳಗಿಟ್ಟಳು. ಆ ಕೂಗನ್ನು ಏನೆನ್ನಬೇಕೋ ನನಗೆ ಇಂದಿಗೂ ತಿಳಿದಿಲ್ಲ. ಅದಕ್ಕಿಂತ ಹೆಚ್ಚಾಗಿ ಕಾಡುವುದು ಅವಳು ಅಳುತ್ತ ಕೇಳಿದ ಮಾತು.

“ನಾನು ಒಳಗೇ ಇದ್ನಲ್ಲ ಅಣ್ಣ, ನನಗ್ಯಾಕೆ ಕೇಳ್ಲಿಲ್ಲ?”