ತಾಳೆಗರಿಗೆ ಹತ್ತಿದ ಬೆಟ್ಟ

ನನ್ನ ವಾರಗಿತ್ತಿಯ ಹೊಳೆ ನನ್ನ ಹೊಳೆಗಿಂತ ಚೆನ್ನಾಗಿತ್ತು. ನಡೆದದ್ದು ಅಷ್ಟೇ. ಟೀಚರು ಪಕ್ಷಪಾತ ಮಾಡಿದರು ಎಂದು ನಮ್ಮ ಬೀದಿಯವರು ಇವತ್ತಿಗೂ ನನ್ನ ಪರವಾಗಿ ಮಾತಾಡುತ್ತಾರೆ. ಅವರಿಗೇನು ಗೊತ್ತು, ಚಿತ್ರ ನೋಡಿದವರಲ್ಲ.

ಚನ್ನಪಟ್ಟಣಕ್ಕೆ ಪ್ಲಾಸ್ಟಿಕ್ ಗೊಂಬೆ ಬಂದು ನಮ್ಮ ಬೀದಿಯಲ್ಲಿ ಮರದ ಗೊಂಬೆ ಕಡೆಯುವ ಲೇತುಗಳು ಒಂದೊಂದಾಗಿ ನಿಂತ ಕಾಲ ಅದು. ನಮ್ಮ ಮಹಡಿಯಲ್ಲಿ ಬಾಡಿಗೆಗಿದ್ದ ಟೀಚರು ಕೆಲಸ ಹೋದ ಹೆಂಗಸರಿಗೆ ಎಣ್ಣೆ ಬಣ್ಣದಲ್ಲಿ ಚಿತ್ರ ಬರೆಯುವುದನ್ನು ಕಲಿಸುತ್ತಿದ್ದರು. ಹೆದ್ದಾರಿಯ ಹೊಸ ಕಾರ್ಖಾನೆಯವರು ಮುಂದಿನ ಹಜಾರದ ಗೋಡೆಗೆ ಹಳೆಯ ಕಾಲದ ಹೊಳೆಯ ಚಿತ್ರವೊಂದು ಬೇಕೆಂದರು. ಹೊಳೆಗೆ ನೊರೆ ಬಿಡುವವರಿಗೇ ನೊರೆಯಿಲ್ಲದ ಹೊಳೆ ಬೇಕಾಗಿತ್ತು. ಇರಲಿ. ಆ ಗೋಡೆ ನನ್ನದಾಗಬೇಕಿತ್ತು. ಮದುವೆಯಾಗಿ ಬಂದಾಗಿನಿಂದ ಬಣ್ಣ ಹಿಡಿದವಳು ನಾನು. ಮೈದುನನ ಹೆಂಡತಿ ಉಯ್ಯಂಬಳ್ಳಿ ಕಡೆಯಿಂದ ಬಂದು ಹಸು ಕಟ್ಟಿಕೊಂಡಿದ್ದವಳು, ಗೊಂಬೆಗೆ ಹಚ್ಚುವ ಅರಗು ಮುಟ್ಟಿದವಳೇ ಅಲ್ಲ. ನನ್ನ ಹಿಂದೆಯೇ ಮಹಡಿ ಹತ್ತಿ ಬಂದು ಅವಳೂ ಒಂದು ಹೊಳೆ ಬರೆಯಲು ಕೂತಿದ್ದಳು.

ಹತ್ತಿರದ ಬಂಡೆ ಗಾಢವಾಗಿರಲಿ, ದೂರದ ಬೆಟ್ಟಕ್ಕೆ ಬಿಳಿ, ನೀಲಿ ಸೇರಿಸಿ ಮಂಕು ಮಾಡಿ, ಆಗ ನಡುವೆ ಗಾಳಿ ಕಾಣುತ್ತದೆ ಎಂದರು ಟೀಚರು. ಮಾಡಿದೆ. ಆದರೆ ಮಂಕು ಬೆಟ್ಟ ನೋಡುತ್ತ ಕೂರುವುದು ನನ್ನಿಂದ ಆಗಲಿಲ್ಲ. ಮಂಕಾದ ಗೊಂಬೆಯನ್ನು ನಮ್ಮಲ್ಲಿ ಯಾರೂ ಬುಟ್ಟಿಗೆ ಹಾಕುವುದಿಲ್ಲ. ಲೇತಿನ ಮೇಲೆ ತಿರುಗುತ್ತಿರುವಾಗಲೇ ತಾಳೆಗರಿ ಒತ್ತಿ, ತಿಕ್ಕಿ ಮಿಂಚಿಸುತ್ತೇವೆ. ಟೀಚರು ಅತ್ತ ಹೋದ ಮೇಲೆ ಗರಿ ತಂದು ಬೆಟ್ಟವನ್ನು ತಿಕ್ಕಿದೆ. ಅರಗು ತಿಕ್ಕಿದಷ್ಟೂ ಹೊಳೆಯುತ್ತದೆ; ಈ ಹಾಳು ಎಣ್ಣೆ ಬಣ್ಣ ವಾರವಾದರೂ ಒಣಗುವುದಿಲ್ಲ. ಬೆಟ್ಟ ಗರಿಗೆ ಹತ್ತಿಕೊಂಡು ಬಂತು, ಉಳಿದದ್ದು ಹೊಳೆಗೆ ಇಳಿಯಿತು.

ವಾರಗಿತ್ತಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ನೋಡಿದಳು.

“ಅಕ್ಕಯ್ಯ, ಬೆಟ್ಟಕ್ಕೂ ಪಾಲೀಸ್ ಹಾಕ್ಬುಟ್ಯಾ?”

“ನಿಂದೇನ್ ಬೆಟ್ಟನೇ? ಹಸೀ ಸೌದೆ ಹೊಗೆ ಇದ್ದಂಗೈತೆ.”

“ದೂರದಲ್ಲೈತಲ್ಲ, ಹಂಗೇ ಕಾಣ್ತದೆ. ದಿನಾ ಹಸ ಮೇಯ್ಸುವಾಗ ನೋಡಾಕಿಲ್ವಾ ನಾನು?”

ಹೊಟ್ಟೆಗೆ ಬೆಂಕಿ ಬಿದ್ದಿದ್ದು ಆ ಮಾತಿಗೇ. ಅವಳ ಚಿತ್ರದಲ್ಲಿ ಹೊಳೆ ಬಳುಕಿ ಬಳುಕಿ, ತೆಳ್ಳಗಾಗಿ, ಮಂಜಿನೊಳಗೆ ಹೋಗಿಬಿಟ್ಟಿತ್ತು. ನೋಡುತ್ತ ನಿಂತರೆ ಅಷ್ಟು ದೂರ ನಡೆದ ಹಾಗೆ ಮಂಡಿ ನೋಯುತ್ತಿತ್ತು. ನಾನೂ ಅದೇ ಹೊಳೆಯಲ್ಲಿ ಬಟ್ಟೆ ಒಗೆದಿದ್ದೆ, ಆದರೆ ಬಟ್ಟೆ ನೋಡಿದ್ದೆನೇ ಹೊರತು ತಲೆ ಎತ್ತಿರಲಿಲ್ಲ. ಸಂಜೆ ಬಂದ ಕಾರ್ಖಾನೆಯವನು ನನ್ನ ಚಿತ್ರದ ಮುಂದೆ ನಿಲ್ಲಲೂ ಇಲ್ಲ. ಟೀಚರನ್ನು ಒಂದು ಮಾತೂ ಕೇಳದೆ, ಅವಳದನ್ನು ಒಣಗಿದ ಮೇಲೆ ಒಯ್ಯುತ್ತೇನೆಂದು ಹೇಳಿ ಹೋದ. ಅವಳು ಖುಷಿಗೆ ಕಾಸಿದ ಗಿಣ್ಣನ್ನು ನಾನು ಮುಟ್ಟಲಿಲ್ಲ.

ಮಾರನೆಯ ಬೆಳಿಗ್ಗೆ ಅವಳು ಕೊಟ್ಟಿಗೆಗೆ ಬರುವ ಮೊದಲೇ ಅವಳ ಹಸುಗಳ ಹಗ್ಗ ಬಿಚ್ಚಿ, ನಾನೇ ಹೊಳೆದಂಡೆಗೆ ಹೊಡೆದುಕೊಂಡು ಹೋಗಿ, ದೂರದ ಬೆಟ್ಟದ ಕಡೆ ತಲೆ ಎತ್ತಿ ನಿಂತೆ.